ಕೈತಪ್ಪಿದ ಪೀಠ, ಉಳಿದ ಪಾಠ

ಸಂಸ್ಕೃತ ಮತ್ತು ಭಾರತೀಯ ಧರ್ಮಾಧ್ಯಯನ ವಿಭಾಗಗಳ ನೇಮಕಾತಿ ಹಾಗೂ ಬಡ್ತಿ ಸಮಿತಿಗಳ ಸದಸ್ಯರಿಗೆ ಬಹಿರಂಗ ಪತ್ರ

ಮಾನ್ಯರೇ,

ಸಂಸ್ಕೃತ ಮತ್ತು ಭಾರತೀಯ ಧರ್ಮಗಳ ಅಧ್ಯಯನದಲ್ಲಿ ತೊಡಗಿದ ವಿದ್ವಾಂಸರೊಬ್ಬರನ್ನು ಹುದ್ದೆಗೆ ಆರಿಸುವಾಗ ಅಥವಾ ಬಡ್ತಿಗೆ ಪರಿಗಣಿಸುವಾಗ ತಮ್ಮ ಸಮಿತಿಗಳ ಮುಂದೆ ಎರಡು ಪ್ರಶ್ನೆಗಳು ನಿಲ್ಲುತ್ತವೆ: ಆ ಪೀಠ ಯಾವ ಉದ್ದೇಶಕ್ಕಾಗಿ ಇದೆ ಎಂಬುದು ಒಂದು, ವಿದ್ವಾಂಸರು ಮಾಡುವ ಕೆಲಸಗಳಲ್ಲಿ ಯಾವುದನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬುದು ಇನ್ನೊಂದು. ಎರಡೂ ಹೊಸ ಪ್ರಶ್ನೆಗಳಲ್ಲ. ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯ ಇವೆರಡಕ್ಕೂ ಒಬ್ಬರೇ ವಿದ್ವಾಂಸರ ವಿಷಯದಲ್ಲಿ ಉತ್ತರ ಕೊಡಬೇಕಾಗಿ ಬಂದಿತ್ತು. ಆ ವಿದ್ವಾಂಸರು ಫ್ರೀಡ್ರಿಖ್ ಮ್ಯಾಕ್ಸ್ ಮುಲ್ಲರ್ (1823–1900). ಕರ್ನಾಟಕದಲ್ಲಿ ಅವರ ಹೆಸರು ಕೇಳದ ಓದುಗರು ವಿರಳ. ಆದರೆ ಆ ಹೆಸರಿನ ಸುತ್ತ ಹೊಗಳಿಕೆ, ತೆಗಳಿಕೆಗಳು ಬೆಳೆದಷ್ಟು, ಅವರು ಯಾವ ಹುದ್ದೆಗಳಲ್ಲಿದ್ದರು, ಯಾರ ಹಣದಿಂದ ದುಡಿದರು, ಆಯುಷ್ಯದ ಉತ್ತಮ ವರ್ಷಗಳನ್ನು ಯಾವ ಕೆಲಸಕ್ಕೆ ಕೊಟ್ಟರು ಎಂಬ ವಿಚಾರ ಬೆಳೆದಿಲ್ಲ. ತಮ್ಮ ಸಮಿತಿಗಳು ಇಂದು ಮಾಡುತ್ತಿರುವ ಆಯ್ಕೆಗಳಿಗೆ ಆ ವಿಚಾರ ನೇರವಾಗಿ ಸಂಬಂಧಿಸಿದೆ ಎಂಬ ದೃಢವಾದ ನಂಬಿಕೆಯಿಂದಲೇ ಈ ಪತ್ರ ಹುಟ್ಟಿದೆ.

ಜರ್ಮನಿಯ ಡೆಸಾವು ಎಂಬ ಸಣ್ಣ ರಾಜಧಾನಿಯಲ್ಲಿ ಹುಟ್ಟಿದ ಮುಲ್ಲರ್ ನಾಲ್ಕು ವರ್ಷ ತುಂಬುವ ಮೊದಲೇ ತಂದೆಯನ್ನು, ಕವಿ ವಿಲ್‌ಹೆಲ್ಮ್ ಮುಲ್ಲರ್ ಅವರನ್ನು, ಕಳೆದುಕೊಂಡರು. 1841ರಲ್ಲಿ ಲೈಪ್‌ಜಿಗ್ ವಿಶ್ವವಿದ್ಯಾನಿಲಯ ಸೇರಿ, ಅಲ್ಲಿ ಹರ್ಮನ್ ಬ್ರೋಕ್‌ಹೌಸ್ ಅವರ ಬಳಿ ಸಂಸ್ಕೃತ ಕಲಿತು, 1843ರಲ್ಲಿ ಡಾಕ್ಟರೇಟ್ ಪಡೆದು, ಮರುವರ್ಷ ಹಿತೋಪದೇಶವನ್ನು ಜರ್ಮನ್ ಭಾಷೆಗೆ ತಂದರು. ಬರ್ಲಿನ್ನಿನಲ್ಲಿ ತೌಲನಿಕ ಭಾಷಾಶಾಸ್ತ್ರದ, ಅಂದರೆ ಬೇರೆಬೇರೆ ಭಾಷೆಗಳ ರೂಪಗಳನ್ನು ಹೋಲಿಸಿ ಅವುಗಳ ಮೂಲಸಂಬಂಧವನ್ನು ಗುರುತಿಸುವ ಶಾಸ್ತ್ರದ, ಪ್ರವರ್ತಕರಲ್ಲೊಬ್ಬರಾದ ಫ್ರಾಂಟ್ಸ್ ಬೊಪ್ ಅವರ ಪಾಠಗಳನ್ನು ಕೇಳಿ, 1845ರಲ್ಲಿ ಪ್ಯಾರಿಸ್ಸಿಗೆ ಹೋದ ಅವರಿಗೆ ಅಲ್ಲಿ ಸಿಕ್ಕ ಗುರು ಯೂಜೀನ್ ಬರ್ನೂಫ್. ಋಗ್ವೇದದ ಕೆಲವು ಸೂಕ್ತಗಳನ್ನು ಆರಿಸಿ ಅಚ್ಚುಹಾಕಿ ಹೆಸರು ಮಾಡುವ ಸುಲಭದ ದಾರಿಯನ್ನು ಬಿಟ್ಟು, ಸಂಹಿತೆಯನ್ನು ಪೂರ್ತಿಯಾಗಿ, ಅದೂ ಸಾಯಣಾಚಾರ್ಯರ ಭಾಷ್ಯದೊಂದಿಗೆ ಸಂಪಾದಿಸಬೇಕೆಂದು ಆ ಇಪ್ಪತ್ತೊಂದು, ಇಪ್ಪತ್ತೆರಡರ ತರುಣನನ್ನು ಪ್ರೇರಿಸಿದವರು ಬರ್ನೂಫ್ ಅವರೇ. ಇದಕ್ಕೆ ಮೊದಲು ಫ್ರೀಡ್ರಿಖ್ ರೋಸನ್ ಎಂಬ ವಿದ್ವಾಂಸರು ಈ ಕೆಲಸಕ್ಕೆ ಕೈಹಾಕಿದ್ದರು. ಆದರೆ ಅವರು ಅಕಾಲದಲ್ಲಿ ತೀರಿಕೊಂಡದ್ದರಿಂದ ಮೊದಲ ಅಷ್ಟಕ ಮಾತ್ರ, ಎಂದರೆ ಎಂಟರಲ್ಲಿ ಒಂದು ಪಾಲು ಮಾತ್ರ, 1838ರಲ್ಲಿ ಮುದ್ರಣಗೊಂಡು ನಿಂತಿತ್ತು.

ಈ ಘಟ್ಟದಲ್ಲಿ ಕನ್ನಡ ನಾಡಿನ ಸಂಬಂಧ ತಾನಾಗಿ ಬರುತ್ತದೆ. ಸಾಯಣರು ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಒಂದನೆಯ ಬುಕ್ಕರಾಯ ಮತ್ತು ಎರಡನೆಯ ಹರಿಹರರಾಯರ ಆಶ್ರಯದಲ್ಲಿದ್ದ ಮಂತ್ರಿ; ವೇದಗಳ ಮೇಲೆ ಅವರ ಹೆಸರಿನಲ್ಲಿ ನಡೆದ ‘ವೇದಾರ್ಥಪ್ರಕಾಶ’ ಎಂಬ ಮಹಾಭಾಷ್ಯವು ತುಂಗಭದ್ರೆಯ ದಂಡೆಯ ರಾಜಾಶ್ರಯದ ಫಲ. ಒಂದು ಋಕ್ಕಿಗೆ ಅರ್ಥ ಹೇಳುವಾಗ ಪಾಣಿನಿಯ ಸೂತ್ರ, ಯಾಸ್ಕರ ನಿರುಕ್ತ, ಬ್ರಾಹ್ಮಣಗ್ರಂಥಗಳ ವಿಧಿ, ಕಲ್ಪಸೂತ್ರಗಳ ವಿನಿಯೋಗ, ಹೀಗೆ ಹತ್ತಾರು ಆಕರಗಳನ್ನು ಈ ಭಾಷ್ಯ ಉದ್ಧರಿಸುತ್ತದೆ; ಎಷ್ಟೋ ಕಡೆ ಆಕರದ ಹೆಸರನ್ನೂ ಹೇಳುವುದಿಲ್ಲ. ಅದನ್ನು ಸಂಪಾದಿಸಲು ಹೊರಟವರು ಪ್ರತಿಯೊಂದು ಉದ್ಧರಣೆಯ ಜಾಡು ಹಿಡಿದು ಮೂಲವನ್ನು ಹುಡುಕಬೇಕು. ಆ ಮೂಲಗಳಲ್ಲಿ ಬಹುಪಾಲು ಆಗಿನ್ನೂ ಅಚ್ಚಾಗಿರಲಿಲ್ಲವಾದ್ದರಿಂದ ಅವುಗಳನ್ನೂ ಹಸ್ತಪ್ರತಿಗಳಲ್ಲಿಯೇ ಓದಬೇಕಾಗಿತ್ತು.

ಗ್ರಂಥಸಂಪಾದನೆ ಎಂಬ ಶಾಸ್ತ್ರದ ಸ್ವರೂಪವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುವುದು ಅಗತ್ಯ, ಏಕೆಂದರೆ ಸಮಿತಿಗಳಲ್ಲಿ ಕುಳಿತುಕೊಳ್ಳುವವರೆಲ್ಲರೂ ಈ ಕೆಲಸ ಮಾಡಿದವರಾಗಿರುವುದಿಲ್ಲ. ಒಂದು ಪ್ರಾಚೀನ ಕೃತಿ ಹತ್ತು ಓಲೆಕಟ್ಟುಗಳಲ್ಲಿ ಉಳಿದಿದ್ದರೆ ಆ ಹತ್ತರಲ್ಲೂ ಲಿಪಿಕಾರರ ಕೈತಪ್ಪು, ಕಣ್ತಪ್ಪು, ಬಿಟ್ಟುಹೋದ ಸಾಲು, ಅಂಚಿನ ಟಿಪ್ಪಣಿ ಮೂಲದೊಳಗೆ ಸೇರಿಕೊಂಡ ಪ್ರಸಂಗ, ಇವೆಲ್ಲ ಇರುತ್ತವೆ. ಒಂದೇ ತಪ್ಪು ಮೂರು ಪ್ರತಿಗಳಲ್ಲಿ ಕಂಡರೆ ಅವು ಮೂರೂ ಒಂದೇ ಮಾತೃಕೆಯಿಂದ ಇಳಿದುಬಂದಿರಬಹುದೆಂದು ಊಹಿಸಿ, ಪ್ರತಿಗಳನ್ನು ಕುಟುಂಬಗಳಾಗಿ ವಿಂಗಡಿಸಿ, ಪ್ರತಿಯೊಂದು ಪಾಠಾಂತರವನ್ನೂ, ಅಂದರೆ ಒಂದೇ ಸ್ಥಳದಲ್ಲಿ ಪ್ರತಿಗಳು ಕೊಡುವ ಬೇರೆಬೇರೆ ಓದನ್ನೂ, ದಾಖಲಿಸಿ, ಅವುಗಳಲ್ಲಿ ಯಾವುದು ಪ್ರಾಚೀನವೆಂದು ವ್ಯಾಕರಣ, ಛಂದಸ್ಸು, ಸಂದರ್ಭಗಳ ಬಲದಿಂದ ಸಂಪಾದಕರು ತೀರ್ಮಾನಿಸುತ್ತಾರೆ. ಆ ತೀರ್ಮಾನ ತಪ್ಪೆಂದು ತೋರಿದರೆ ಪುಟದ ಅಡಿಯಲ್ಲಿರುವ ಪಾಠಾಂತರಗಳನ್ನು ನೋಡಿ ಓದುಗರು ಬೇರೆ ತೀರ್ಮಾನಕ್ಕೆ ಬರಬಹುದು. ಹೀಗೆ ತನ್ನ ತಪ್ಪನ್ನು ತೋರಿಸಿಕೊಡುವ ಸಾಮಗ್ರಿಯನ್ನು ತಾನೇ ಒದಗಿಸುವ ಬರವಣಿಗೆ ವಿದ್ವತ್ತಿನ ಲೋಕದಲ್ಲಿ ಬೇರೆ ಹೆಚ್ಚಿಲ್ಲ.

ಸಾಯಣಭಾಷ್ಯದ ಹಸ್ತಪ್ರತಿಗಳನ್ನು ಹುಡುಕಿಕೊಂಡು 1846ರಲ್ಲಿ ಲಂಡನ್ನಿಗೆ ಬಂದ ಮುಲ್ಲರ್ ಅವರಿಗೆ ಪ್ರಶ್ಯಾದ ರಾಯಭಾರಿ ಬನ್ಸನ್ ಮತ್ತು ಈಸ್ಟ್ ಇಂಡಿಯಾ ಕಂಪನಿಯ ಗ್ರಂಥಪಾಲಕರೂ ಆಕ್ಸ್‌ಫರ್ಡಿನ ಸಂಸ್ಕೃತ ಪ್ರಾಧ್ಯಾಪಕರೂ ಆಗಿದ್ದ ಹೊರೇಸ್ ಹೇಮನ್ ವಿಲ್ಸನ್ ನೆರವಾದರು. 1847ರಲ್ಲಿ ಕಂಪನಿ ಮುದ್ರಣದ ವೆಚ್ಚ ವಹಿಸಿಕೊಳ್ಳಲು ಒಪ್ಪಿತು. ವ್ಯಾಪಾರದ ಕಂಪನಿಯೊಂದು ವೇದವನ್ನು ಅಚ್ಚುಹಾಕಿಸಲು ಮುಂದಾದದ್ದರ ಹಿಂದೆ ಆಳುವವರ ಲೆಕ್ಕಾಚಾರ ಇರಲಿಲ್ಲವೆಂದು ಯಾರೂ ಹೇಳಲಾರರು. ಮುದ್ರಣ ನಡೆಯುತ್ತಿದ್ದುದು ಆಕ್ಸ್‌ಫರ್ಡಿನ ಮುದ್ರಣಾಲಯದಲ್ಲಾದ್ದರಿಂದ ಮುಲ್ಲರ್ 1848ರಲ್ಲಿ ಅಲ್ಲಿಗೆ ಬಂದು ನೆಲೆಸಿದರು. ಮೊದಲ ಸಂಪುಟ 1849ರಲ್ಲಿ, ಆರನೆಯ ಮತ್ತು ಕೊನೆಯ ಸಂಪುಟ 1874ರಲ್ಲಿ ಹೊರಬಂತು. ಈ ಇಪ್ಪತ್ತೈದು ವರ್ಷಗಳ ನಡುವೆ ವೇತನ ತಂದುಕೊಟ್ಟ ಹುದ್ದೆ ಸಂಸ್ಕೃತದ್ದಾಗಿರಲಿಲ್ಲ ಎಂಬುದನ್ನು ತಮ್ಮ ಸಮಿತಿಗಳು ವಿಶೇಷವಾಗಿ ಗಮನಿಸಬೇಕು: 1854ರಲ್ಲಿ ಅವರಿಗೆ ಸಿಕ್ಕದ್ದು ಆಧುನಿಕ ಯೂರೋಪಿನ ಭಾಷೆಗಳ ಪ್ರಾಧ್ಯಾಪಕ ಸ್ಥಾನ.

ಸಂಸ್ಕೃತದ ಪೀಠ ತೆರವಾದದ್ದು 1860ರಲ್ಲಿ, ವಿಲ್ಸನ್ ತೀರಿಕೊಂಡಾಗ. ಬೋಡನ್ ಪೀಠವೆಂದು ಹೆಸರಾದ ಅದು ಈಸ್ಟ್ ಇಂಡಿಯಾ ಕಂಪನಿಯ ಬೊಂಬಾಯಿ ಸೈನ್ಯದಲ್ಲಿದ್ದ ಜೋಸೆಫ್ ಬೋಡನ್ ಎಂಬ ಲೆಫ್ಟಿನೆಂಟ್ ಕರ್ನಲ್ ಬರೆದಿಟ್ಟ ಉಯಿಲಿನ ಆಸ್ತಿಯಿಂದ ಸ್ಥಾಪನೆಯಾಗಿತ್ತು, ಮತ್ತು ಸಂಸ್ಕೃತ ಜ್ಞಾನದ ನೆರವಿನಿಂದ ಕ್ರೈಸ್ತ ಧರ್ಮಗ್ರಂಥಗಳ ತಿಳಿವಳಿಕೆಯನ್ನು ಹರಡಿ ಭಾರತೀಯರ ಮತಾಂತರಕ್ಕೆ ದಾರಿ ಮಾಡುವುದು ಅದರ ಉದ್ದೇಶವೆಂದು ಉಯಿಲಿನಲ್ಲಿ ಸ್ಪಷ್ಟವಾಗಿ ಹೇಳಲಾಗಿತ್ತು. ಪ್ರಾಧ್ಯಾಪಕರನ್ನು ಆರಿಸುವವರು ವಿಷಯತಜ್ಞರಲ್ಲ. ವಿಶ್ವವಿದ್ಯಾನಿಲಯದ ಮಹಾಸಭೆ, ಅಂದರೆ ಎಂ.ಎ. ಪದವಿ ಪಡೆದು ಸದಸ್ಯತ್ವ ಉಳಿಸಿಕೊಂಡಿದ್ದ 3,700ಕ್ಕೂ ಹೆಚ್ಚು ಜನ. ಅವರಲ್ಲಿ ಬಹಳ ಮಂದಿ ಊರೂರುಗಳ ಪಾದ್ರಿಗಳು. ಒಂದು ಕಡೆ ಋಗ್ವೇದದ ಮೊದಲ ಸಂಪುಟಗಳನ್ನೂ 1859ರಲ್ಲಿ ಪ್ರಾಚೀನ ಸಂಸ್ಕೃತ ಸಾಹಿತ್ಯದ ಚರಿತ್ರೆಯನ್ನೂ ಪ್ರಕಟಿಸಿದ್ದ ಮುಲ್ಲರ್. ಇನ್ನೊಂದು ಕಡೆ ಬೊಂಬಾಯಿಯಲ್ಲಿ ಹುಟ್ಟಿ, ಕಂಪನಿಯ ಅಧಿಕಾರಿಗಳನ್ನು ತರಬೇತಿಗೊಳಿಸುತ್ತಿದ್ದ ಹೇಲಿಬರಿ ಕಾಲೇಜಿನಲ್ಲಿ ಸಂಸ್ಕೃತ ಕಲಿಸಿ, ಶಾಕುಂತಲವನ್ನು ಸಂಪಾದಿಸಿ ಅನುವಾದಿಸಿದ್ದ ಮೋನಿಯರ್ ವಿಲಿಯಮ್ಸ್. ಪತ್ರಿಕೆಗಳಲ್ಲಿ, ಕರಪತ್ರಗಳಲ್ಲಿ ತಿಂಗಳುಗಟ್ಟಲೆ ಪ್ರಚಾರ ನಡೆಯಿತು. ಮುಲ್ಲರ್ ಜರ್ಮನಿಯವರು, ಅವರ ಕ್ರೈಸ್ತ ನಂಬಿಕೆ ಸಡಿಲವಾದದ್ದು ಎಂಬ ಮಾತು ಹರಡಿತು. ವಿಲಿಯಮ್ಸ್ ಪೀಠದ ಮಿಷನರಿ ಉದ್ದೇಶಕ್ಕೆ ತಾವು ಬದ್ಧರೆಂದು ಎದ್ದು ಹೇಳಿದರು. 1860ರ ಡಿಸೆಂಬರ್ 7ರಂದು ಮತ ಎಣಿಸಿದಾಗ ವಿಲಿಯಮ್ಸ್‌ಗೆ 833, ಮುಲ್ಲರ್‌ಗೆ 610 ಬಂದವು.

ಆಯ್ಕೆಯಾದವರು ಅಯೋಗ್ಯರಾಗಿದ್ದರು ಎಂದು ಹೇಳುವುದು ಅನ್ಯಾಯವಾದೀತು. ಮೋನಿಯರ್ ವಿಲಿಯಮ್ಸ್ ಅವರ ಸಂಸ್ಕೃತ–ಇಂಗ್ಲಿಷ್ ನಿಘಂಟು 1872ರಲ್ಲಿ ಹೊರಬಂದು, 1899ರಲ್ಲಿ ಪರಿಷ್ಕಾರಗೊಂಡು, ಇಂದಿಗೂ ಸಂಸ್ಕೃತ ವಿದ್ಯಾರ್ಥಿಗಳ ಕೈಯಲ್ಲಿದೆ; ಅವರು ಅಭ್ಯರ್ಥಿಯಾಗಿ ಕೊಟ್ಟ ಮಾತು ಮರೆತುಹೋಗಿ, ಪದಗಳನ್ನು ಒಂದೊಂದಾಗಿ ಜೋಡಿಸಿದ ಶ್ರಮ ಉಳಿದುಕೊಂಡಿದೆ. ಆಕ್ಷೇಪ ಇರುವುದು ಆಯ್ಕೆಯ ವಿಧಾನದ ಬಗ್ಗೆ. ಸಂಸ್ಕೃತದ ಒಂದಕ್ಷರ ಓದಲಾರದ ನೂರಾರು ಮತದಾರರು, ಸಂಸ್ಕೃತಕ್ಕೆ ಸಂಬಂಧವಿಲ್ಲದ ಕಾರಣಗಳಿಂದ, ಸಂಸ್ಕೃತದ ಪ್ರಾಧ್ಯಾಪಕರನ್ನು ನಿಶ್ಚಯಿಸಿದರು. ಪೀಠದ ಮೂಲ ಉದ್ದೇಶವನ್ನು ಹೇಳುವ ಮಾತನ್ನು ವಿಶ್ವವಿದ್ಯಾನಿಲಯವೇ 1882ರ ಸುಧಾರಣೆಗಳಲ್ಲಿ ನಿಯಮಾವಳಿಯಿಂದ ತೆಗೆದುಹಾಕಬೇಕಾಯಿತು. ಅಷ್ಟು ಹೊತ್ತಿಗೆ ಮುಲ್ಲರ್ ಅವರಿಗೆ ಅರವತ್ತರ ಹತ್ತಿರ. ಇಂದು ಮತದ ಜಾಗದಲ್ಲಿ ಸೈದ್ಧಾಂತಿಕ ನಿಲುವು, ಜಾತಿ, ಶಿಫಾರಸು, ಪಂಗಡನಿಷ್ಠೆ ಇವು ಬಂದು ಕುಳಿತರೆ ಆ ಆಯ್ಕೆಗೂ ಇದಕ್ಕೂ ವ್ಯತ್ಯಾಸ ಹುಡುಕುವುದು ಕಷ್ಟ. ಎಡದವರಾಗಲಿ ಬಲದವರಾಗಲಿ, ಭಾರತೀಯ ಧರ್ಮಗಳ ಪೀಠವೊಂದನ್ನು ತಮ್ಮ ವಾದಕ್ಕೆ ಬಾಯಿಯಾಗುವವರಿಗೆ ಮೀಸಲಿಡುವಾಗ ಬೋಡನ್ ಅವರ ಉಯಿಲನ್ನೇ ಬೇರೆ ಭಾಷೆಯಲ್ಲಿ ಬರೆಯುತ್ತಿರುತ್ತಾರೆ.

ಸೋತ ಮುಲ್ಲರ್ ಅವರ ಮುಂದಿನ ವೃತ್ತಿಜೀವನ ಎರಡು ಕವಲಾಗಿ ಸಾಗಿತು. ಒಂದು ಕವಲು ಉಪನ್ಯಾಸಗಳದ್ದು: 1861 ಮತ್ತು 1863ರಲ್ಲಿ ಭಾಷಾವಿಜ್ಞಾನದ ಕುರಿತು, 1870ರಲ್ಲಿ ಧರ್ಮಗಳ ತೌಲನಿಕ ಅಧ್ಯಯನದ ಕುರಿತು ಲಂಡನ್ನಿನಲ್ಲಿ, 1882ರಲ್ಲಿ ಭಾರತದಿಂದ ಕಲಿಯಬೇಕಾದದ್ದೇನು ಎಂಬ ಕುರಿತು ಕೇಂಬ್ರಿಜ್ಜಿನಲ್ಲಿ, ಸಿವಿಲ್ ಸೇವೆಗೆ ಹೊರಟ ತರುಣರ ಮುಂದೆ, ಆಮೇಲೆ ಗ್ಲಾಸ್ಗೋದಲ್ಲಿ ಗಿಫರ್ಡ್ ಉಪನ್ಯಾಸಗಳು. ಧರ್ಮಗಳ ತೌಲನಿಕ ಅಧ್ಯಯನವೆಂದರೆ ಒಂದು ಧರ್ಮವನ್ನು ಸತ್ಯವೆಂದೂ ಉಳಿದವನ್ನು ಭ್ರಾಂತಿಯೆಂದೂ ಮೊದಲೇ ಗೊತ್ತುಮಾಡಿಕೊಳ್ಳದೆ, ಎಲ್ಲವನ್ನೂ ಅವುಗಳ ಗ್ರಂಥ, ಆಚರಣೆ, ಚರಿತ್ರೆಗಳ ಆಧಾರದಿಂದ ಅಕ್ಕಪಕ್ಕದಲ್ಲಿಟ್ಟು ತಿಳಿಯುವ ಪ್ರಯತ್ನ. ವಿಕ್ಟೋರಿಯಾ ಕಾಲದ ಇಂಗ್ಲೆಂಡಿನಲ್ಲಿ ಅದಕ್ಕೆ ಧೈರ್ಯ ಬೇಕಿತ್ತು. ಆದರೆ ಈ ಉಪನ್ಯಾಸಗಳಿಂದ ಅವರು ಲೋಕವಿಖ್ಯಾತರಾದರೂ ಅವುಗಳಲ್ಲಿ ಮಂಡಿಸಿದ ಸಿದ್ಧಾಂತಗಳಲ್ಲಿ ಬಹಳಷ್ಟು ಬಾಳಲಿಲ್ಲ. ಪುರಾಣಕಥೆಗಳೆಲ್ಲ ಸೂರ್ಯೋದಯ, ಸೂರ್ಯಾಸ್ತಗಳ ವರ್ಣನೆ ಮಸುಕಾಗಿ ಹುಟ್ಟಿದವು ಎಂಬ ಅವರ ವಾದವನ್ನು ಆಂಡ್ರೂ ಲ್ಯಾಂಗ್ ಮೊದಲಾದವರು ಅವರ ಜೀವಿತಕಾಲದಲ್ಲಿಯೇ ಉರುಳಿಸಿದರು. ಆರ್ಯ ಎಂಬುದು ಭಾಷಾಕುಟುಂಬವನ್ನು ಸೂಚಿಸುವ ಮಾತೇ ಹೊರತು ರಕ್ತವನ್ನಲ್ಲ ಎಂದು 1888ರಲ್ಲಿ ಅವರು ಒತ್ತಿ ಹೇಳುವ ವೇಳೆಗೆ, ಅವರದೇ ಹಿಂದಿನ ಬರಹಗಳು ಬಲ ಕೊಟ್ಟಿದ್ದ ತಪ್ಪು ಕಲ್ಪನೆ ಯೂರೋಪಿನಲ್ಲಿ ಬೇರೂರಿಬಿಟ್ಟಿತ್ತು.

ಇನ್ನೊಂದು ಕವಲು ಸಂಪಾದನೆಯದ್ದು. ಋಗ್ವೇದ ಮುಗಿದ ಐದು ವರ್ಷಕ್ಕೆ, 1879ರಲ್ಲಿ, ಪೌರಸ್ತ್ಯ ಪವಿತ್ರ ಗ್ರಂಥಗಳ ಅನುವಾದಮಾಲೆ ಅವರ ಪ್ರಧಾನ ಸಂಪಾದಕತ್ವದಲ್ಲಿ ಆರಂಭವಾಯಿತು. 1910ರಲ್ಲಿ ವಿಂಟರ್‌ನಿಟ್ಸ್ ಸಿದ್ಧಪಡಿಸಿದ ವಿಷಯಸೂಚಿಯೊಂದಿಗೆ ಐವತ್ತು ಸಂಪುಟಗಳಾಗಿ ಅದು ಪೂರ್ಣಗೊಂಡಿತು. ಆಗ ಮುಲ್ಲರ್ ತೀರಿಕೊಂಡು ಹತ್ತು ವರ್ಷ ಕಳೆದಿತ್ತು. ಉಪನಿಷತ್ತುಗಳನ್ನು ಅವರೇ ಅನುವಾದಿಸಿದರು. ಮನುಸ್ಮೃತಿಯನ್ನು ಬ್ಯೂಲರ್, ಜೈನಸೂತ್ರಗಳನ್ನು ಯಾಕೋಬಿ, ಶಂಕರ ಮತ್ತು ರಾಮಾನುಜರ ಸೂತ್ರಭಾಷ್ಯಗಳನ್ನು ಥಿಬೋ ಅನುವಾದಿಸಿದರು. ಭಗವದ್ಗೀತೆಯ ಸಂಪುಟ ಬೊಂಬಾಯಿಯ ಕಾಶೀನಾಥ ತ್ರ್ಯಂಬಕ ತೆಲಂಗ್ ಅವರದ್ದು. ಇಷ್ಟು ಜನ ವಿದ್ವಾಂಸರನ್ನು ಒಂದು ಯೋಜನೆಯಲ್ಲಿ ದಶಕಗಳ ಕಾಲ ಹಿಡಿದು ನಿಲ್ಲಿಸುವ ಶ್ರಮಕ್ಕೆ ಯಾವ ಅಂಕಪಟ್ಟಿಯಲ್ಲೂ ಕಲಮು ಇಲ್ಲ.

ನಡುವೆ 1868ರಲ್ಲಿ ವಿಶ್ವವಿದ್ಯಾನಿಲಯ ಅವರಿಗಾಗಿಯೇ ತೌಲನಿಕ ಭಾಷಾಶಾಸ್ತ್ರದ ಪೀಠವನ್ನು ಸೃಷ್ಟಿಸಿತ್ತು. ಅವರು ಆಕ್ಸ್‌ಫರ್ಡನ್ನು ಬಿಟ್ಟು ಹೋಗುವ ಯೋಚನೆಯಲ್ಲಿದ್ದಾಗ, 1876ರಲ್ಲಿ, ಬೋಧನೆಯಿಂದ ಅವರನ್ನು ಬಿಡುಗಡೆ ಮಾಡಿ, ಪಾಠ ಹೇಳಲು ಉಪಪ್ರಾಧ್ಯಾಪಕರೊಬ್ಬರನ್ನು ಅರ್ಧ ವೇತನದ ಮೇಲೆ ನೇಮಿಸುವ ಏರ್ಪಾಡಾಯಿತು. ಆಲಿಸಳ ಕಥೆಗಳನ್ನು ಬರೆದ ಗಣಿತದ ಅಧ್ಯಾಪಕ ಚಾರ್ಲ್ಸ್ ಡಾಡ್ಜ್‌ಸನ್ ಇದನ್ನು ಬಹಿರಂಗವಾಗಿ ವಿರೋಧಿಸಿದರು: ಮುಲ್ಲರ್ ಅವರನ್ನು ಗೌರವಿಸುವುದಕ್ಕೆ ಅವರ ಅಡ್ಡಿಯಿರಲಿಲ್ಲ, ಪಾಠವನ್ನೆಲ್ಲ ಹೇಳುವವರಿಗೆ ಅರ್ಧ ಸಂಬಳ ಕೊಡುವುದಕ್ಕಿತ್ತು. ಕರ್ನಾಟಕದ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರು ಕಾಯಂ ಅಧ್ಯಾಪಕರಷ್ಟೇ ಪಾಠ ಹೇಳಿ ಅವರ ವೇತನದ ಒಂದು ಪಾಲನ್ನು ಮಾತ್ರ ಪಡೆಯುತ್ತಿರುವಾಗ ಡಾಡ್ಜ್‌ಸನ್ ಅವರ ಆಕ್ಷೇಪ ಹಳತಾಗಿಲ್ಲ.

ಮುಲ್ಲರ್ ಅವರ ಉದ್ದೇಶದ ಬಗ್ಗೆ ಕನ್ನಡದಲ್ಲಿಯೂ ಬಹುಕಾಲದಿಂದ ವಾದವಿದೆ. ಅವರ ಪತ್ನಿ 1902ರಲ್ಲಿ ಪ್ರಕಟಿಸಿದ ಪತ್ರಸಂಗ್ರಹದಲ್ಲಿ, ತಮ್ಮ ಋಗ್ವೇದದ ಕೆಲಸದಿಂದ ಭಾರತದ ಧರ್ಮದ ಬೇರು ಏನೆಂಬುದು ತಿಳಿದು ಮುಂದೆ ದೊಡ್ಡ ಬದಲಾವಣೆಯಾದೀತೆಂಬ, ಭಾರತ ಕ್ರೈಸ್ತಧರ್ಮದ ಕಡೆ ತಿರುಗೀತೆಂಬ ನಿರೀಕ್ಷೆಗಳು 1860ರ ದಶಕದ ಪತ್ರಗಳಲ್ಲಿ ಕಾಣುತ್ತವೆ. ಅವುಗಳನ್ನು ಮರೆಮಾಚುವ ಅಗತ್ಯವಿಲ್ಲ. ಅದೇ ಮನುಷ್ಯ 1898ರಲ್ಲಿ, ರಾಜದ್ರೋಹದ ಆಪಾದನೆಯಿಂದ ಸೆರೆಯಲ್ಲಿದ್ದ ಬಾಲಗಂಗಾಧರ ತಿಲಕರ ಬಿಡುಗಡೆಗಾಗಿ ಸಲ್ಲಿಸಿದ ಮನವಿಗೆ ಸಹಿ ಹಾಕಿದ್ದರೆಂಬುದನ್ನೂ, 1896ರಲ್ಲಿ ತಮ್ಮನ್ನು ಕಂಡ ಸ್ವಾಮಿ ವಿವೇಕಾನಂದರ ಮೆಚ್ಚುಗೆ ಪಡೆದಿದ್ದರೆಂಬುದನ್ನೂ ಮರೆಮಾಚಬಾರದು. ಆದರೆ ಈ ಪತ್ರದ ದೃಷ್ಟಿಯಿಂದ ಮುಖ್ಯವಾದ ಸಂಗತಿ ಬೇರೆ. ಉದ್ದೇಶ ಏನೇ ಇರಲಿ, ಪುಟದ ಮೇಲೆ ಅಚ್ಚಾದ ಋಕ್ಕು ಮತ್ತು ಅದರಡಿಯ ಭಾಷ್ಯ ಅಂದಿನಿಂದಲೂ ಪರೀಕ್ಷೆಗೆ ತೆರೆದೇ ಇವೆ. ಪುಣೆಯ ವೈದಿಕ ಸಂಶೋಧನ ಮಂಡಲ 1933ರಿಂದ 1951ರವರೆಗೆ ಐದು ಸಂಪುಟಗಳಲ್ಲಿ ಸಾಯಣಭಾಷ್ಯಸಮೇತ ಋಗ್ವೇದವನ್ನು ಮತ್ತೆ ಸಂಪಾದಿಸಿದಾಗ ಮುಲ್ಲರ್ ಅವರಿಗೆ ದೊರೆಯದ ಹಸ್ತಪ್ರತಿಗಳನ್ನು ಬಳಸಿ, ಅವರ ಪಾಠವನ್ನು ಅನೇಕ ಕಡೆ ತಿದ್ದಿತು; ಮೈಸೂರಿನಲ್ಲಿ ಜಯಚಾಮರಾಜೇಂದ್ರ ಗ್ರಂಥರತ್ನಮಾಲೆಯ ಮೂಲಕ ಸಾಯಣಭಾಷ್ಯ ಕನ್ನಡ ಅನುವಾದ, ವಿವರಣೆಗಳೊಂದಿಗೆ ಅನೇಕ ಸಂಪುಟಗಳಲ್ಲಿ ಕನ್ನಡಿಗರಿಗೆ ದಕ್ಕಿತು. ಕಂಪನಿ ಇಲ್ಲವಾಯಿತು, ಉಯಿಲಿನ ಉದ್ದೇಶ ರದ್ದಾಯಿತು, ಸಂಪಾದಕರ ನಿರೀಕ್ಷೆ ಹುಸಿಯಾಯಿತು. ಕೆಲಸ ಮಾತ್ರ ಇನ್ನೊಬ್ಬರು ಎತ್ತಿಕೊಂಡು ಮುಂದುವರಿಸಬಹುದಾದ ಸ್ಥಿತಿಯಲ್ಲಿ ಉಳಿಯಿತು.

ಇಂತಹ ಕೆಲಸ ಕರ್ನಾಟಕಕ್ಕೆ ಅಪರಿಚಿತವಲ್ಲ. 1891ರಲ್ಲಿ ಸ್ಥಾಪನೆಯಾದ ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ಗ್ರಂಥಲಿಪಿಯ ಓಲೆಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು 1905ರಲ್ಲಿ ಗುರುತಿಸಿ, 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದ ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳು ಆಗ ಪ್ರಾಧ್ಯಾಪಕರಾಗಿರಲಿಲ್ಲ. ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದ ವಿದ್ವಾಂಸರಾಗಿದ್ದರು. ಮಹಾರಾಜ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಎಂ. ಹಿರಿಯಣ್ಣನವರು ನಿವೃತ್ತರಾದದ್ದು 1927ರಲ್ಲಿ. ಜಗತ್ತಿನ ವಿಶ್ವವಿದ್ಯಾನಿಲಯಗಳಲ್ಲಿ ಪಠ್ಯವಾದ ಅವರ ಭಾರತೀಯ ತತ್ತ್ವಶಾಸ್ತ್ರದ ರೂಪರೇಖೆಗಳು ಬಂದದ್ದು 1932ರಲ್ಲಿ, ಇಷ್ಟಸಿದ್ಧಿ ಎಂಬ ಸಂಸ್ಕೃತ ಗ್ರಂಥದ ಸಂಪಾದನೆ 1933ರಲ್ಲಿ. ನಿವೃತ್ತಿಯ ದಿನ ಪ್ರಕಟಣೆಗಳನ್ನು ಎಣಿಸಿದ್ದರೆ ಇವೆರಡೂ ಲೆಕ್ಕದ ಹೊರಗೆ ಉಳಿಯುತ್ತಿದ್ದವು, ಆದರೆ ಇವುಗಳ ಹಿಂದಿನ ಓದು ತರಗತಿಯಲ್ಲಿಯೇ ಮಾಗಿದ್ದು. ಕರ್ನಾಟಕದ ಆಚೆಗೆ, ಮಹಾಭಾರತದ ವಿಮರ್ಶಾತ್ಮಕ ಆವೃತ್ತಿಗೆ ಬದುಕನ್ನೇ ಸವೆಸಿದ ವಿ. ಎಸ್. ಸುಕ್ಥಂಕರ್ 1943ರಲ್ಲಿ ತೀರಿಕೊಂಡಾಗ ಆ ಕಾರ್ಯ ಮುಗಿಯಲು ಇನ್ನೂ ಇಪ್ಪತ್ತಮೂರು ವರ್ಷ ಬಾಕಿಯಿತ್ತು.

ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2010ರ ನಿಯಮಾವಳಿಯಲ್ಲಿ ಅಧ್ಯಾಪಕರ ಕೆಲಸವನ್ನು ಅಂಕಗಳಲ್ಲಿ ಅಳೆಯುವ ಪದ್ಧತಿ ತಂದ ಮೇಲೆ, ನಿಯಮಗಳು ಆಮೇಲೆ ಬದಲಾದರೂ, ಎಣಿಸುವ ಅಭ್ಯಾಸ ಸಮಿತಿಗಳಲ್ಲಿ ಗಟ್ಟಿಯಾಗಿ ನಿಂತಿದೆ. ಎಂಟು ಪುಟದ ಲೇಖನಗಳನ್ನು ವರ್ಷಕ್ಕೆ ನಾಲ್ಕು ಬರೆದವರು ಮುಂದೆ ಹೋಗುತ್ತಾರೆ. ಒಂದು ಅಪ್ರಕಟಿತ ವ್ಯಾಖ್ಯಾನದ ಏಳು ಪ್ರತಿಗಳನ್ನು ಹೋಲಿಸುತ್ತ ಆರು ವರ್ಷ ಕಳೆದವರ ಅರ್ಜಿ ಆ ಆರು ವರ್ಷವೂ ಖಾಲಿ ಕಾಣುತ್ತದೆ. ಇದು ದುಃಖದ ಸಂಗತಿ ಮಾತ್ರವಲ್ಲ, ಈ ಶಾಸ್ತ್ರದ ಬುಡಕ್ಕೆ ಬೀಳುವ ಏಟು: ಸಂಪಾದಿತ ಪಾಠವಿಲ್ಲದೆ ಬರೆದ ಲೇಖನಕ್ಕೆ ಆಧಾರವೇ ಇರುವುದಿಲ್ಲ, ಮತ್ತು ತರುಣ ಸಂಶೋಧಕರು ಇದನ್ನು ಬಹುಬೇಗ ಅರ್ಥಮಾಡಿಕೊಂಡು ಓಲೆಯಿಂದ ದೂರ ಸರಿಯುತ್ತಾರೆ.

ಆದ್ದರಿಂದ ತಮ್ಮ ಸಮಿತಿಗಳಲ್ಲಿ ವಿನಂತಿ ಇಷ್ಟು. ಹಸ್ತಪ್ರತಿಗಳ ಆಧಾರದಿಂದ ಮಾಡಿದ ಸಂಪಾದನೆಯನ್ನು, ವಿವರಣಾತ್ಮಕ ಹಸ್ತಪ್ರತಿಸೂಚಿಯನ್ನು, ಟಿಪ್ಪಣಿಸಹಿತ ಅನುವಾದವನ್ನು ಸ್ವತಂತ್ರ ಸಂಶೋಧನೆಯೆಂದೇ ಪರಿಗಣಿಸಬೇಕು. ಮುಗಿಯದ ಸಂಪಾದನೆಯಾದರೆ, ಮುಗಿದಷ್ಟು ಭಾಗವನ್ನು ತರಿಸಿಕೊಂಡು ಓದಬೇಕು. ಓದುವವರು ಆ ಲಿಪಿ ಬಲ್ಲವರಾಗಿರಬೇಕು. ಕರಾವಳಿ, ಮಲೆನಾಡುಗಳ ಓಲೆಕಟ್ಟುಗಳಲ್ಲಿ ತಿಗಳಾರಿ ಲಿಪಿಯೂ, ವಿಜಯನಗರ ಕಾಲದ ತಾಮ್ರಶಾಸನಗಳಲ್ಲಿ ಮತ್ತು ಮಠಗಳ ಗ್ರಂಥಭಂಡಾರಗಳಲ್ಲಿ ನಂದಿನಾಗರಿಯೂ ಹೇರಳವಾಗಿದ್ದು, ಇವೆರಡನ್ನೂ ನಿರಾಯಾಸವಾಗಿ ಓದಬಲ್ಲ ಅಧ್ಯಾಪಕರು ವಿಶ್ವವಿದ್ಯಾನಿಲಯಗಳಲ್ಲಿ ಬಹಳ ಕಡಿಮೆ. ಮುಂದಿನ ಸಂದರ್ಶನದಲ್ಲಿ ಅಂತಹ ಅಭ್ಯರ್ಥಿಯೊಬ್ಬರು ಎದುರು ಕುಳಿತಾಗ, ಪ್ರಕಟಣೆಗಳ ಪಟ್ಟಿಯನ್ನು ಕೇಳುವ ಮೊದಲು ಅವರ ಮುಂದೆ ಒಂದು ಓಲೆಯ ಛಾಯಾಪ್ರತಿಯನ್ನಿಟ್ಟು ಓದಿಸಿ, ಅದರಲ್ಲಿನ ಪಾಠದೋಷವನ್ನು ಹೇಗೆ ತಿದ್ದುತ್ತಾರೆಂದು, ಹಾಗೆ ತಿದ್ದಲು ಅವರಿಗಿರುವ ಆಧಾರವೇನೆಂದು ಕೇಳಬೇಕು.

ಗೌರವಾದರಗಳೊಂದಿಗೆ,
ಸಂಸ್ಕೃತಾಧ್ಯಯನದ ಹಿತಚಿಂತಕರು